ಮಾವನ ಮೂಳೆಗಳು

ಅವಳ ಹತ್ತಿರ ಅಸ್ಥಿಪಂಜರ ಇರಲಿಲ್ಲ. ಆಂಬುಲೆನ್ಸ್ ತರಬೇತಿ ಕಾಲೇಜಿನಲ್ಲಿದ್ದ ಒಂದೇ ಒಂದನ್ನು ಪರೀಕ್ಷೆಯ ಹಿಂದಿನ ದಿನ ಬೀರುವಿಗೆ ಸೇರಿಸಿ ಬೀಗ ಜಡಿದಿದ್ದರು. ಮೂಳೆಗಳ ಹೆಸರಿನಲ್ಲೇ ಅವಳು ಒಮ್ಮೆ ಫೇಲಾಗಿದ್ದಳು. ಈ ಸಲವೂ ಎಡವಿದರೆ ಕೋರ್ಸಿನಿಂದಲೇ ಹೊರಗೆ.

"ಅದಕ್ಯಾಕೆ ಮುಖ ಊದಿಸ್ಕೊಂಡಿದೀಯ, ನಾನಿಲ್ವಾ?" ಎಂದು ಸೋದರಮಾವ ಅಂಗಿ ಬಿಚ್ಚಿ ಚಾಪೆಯ ಮೇಲೆ ಉದ್ದಕ್ಕೆ ಬಿದ್ದುಕೊಂಡ. ಮಾವ ಬಸ್ ಕಂಡಕ್ಟರ್, ಒಳ್ಳೆಯ ತೂಕದ ಆಳು. ಅವನ ಪಕ್ಕೆಲುಬು ಸಿಗಬೇಕಾದರೆ ಬಾವಿ ತೋಡಿದಂತೆ ಅಗೆಯಬೇಕಿತ್ತು.

ಅಪ್ಪ ಅಂಗಡಿಗಳ ಬೋರ್ಡು ಬರೆಯುವವನು. ಮೂಳೆಗಳ ಹೆಸರನ್ನು ಮಾವನ ಮೈಮೇಲೆ ಬರೆಯಲು ಹೊರಟ ಮಗಳ ಕೈಯಲ್ಲಿ ಸ್ಕೆಚ್ ಪೆನ್ನು ಕಂಡು ಅವನಿಗೆ ಅವಮಾನವಾಯಿತು. ಬೆವರಿಗೆ ಅಳಿಸಿಹೋಗುವುದೂ ಒಂದು ಬರಹವೇ ಎಂದು ಗೊಣಗುತ್ತ ಕೆಂಪು ಎನಾಮಲ್ ಡಬ್ಬಿ, ಕುಂಚ ತಂದ. ಅವಳು ಮೂಳೆ ಮುಟ್ಟಿ ಹೆಸರು ಹೇಳಿದಳು, ಅವನು ಬರೆದ. ಕಚಗುಳಿ ತಾಳಲಾರದೆ ಮಾವ ನಕ್ಕಿದ್ದರಿಂದ ಎದೆಮೂಳೆ ಮಾತ್ರ ಸೊಟ್ಟಗಾಯಿತು. ಸಂಜೆಯೊಳಗೆ ಅವನು ಕತ್ತಿನಿಂದ ಪಾದದವರೆಗೆ ದುಂಡಕ್ಷರಗಳ ಬೋರ್ಡಾಗಿದ್ದ.

ಪರೀಕ್ಷೆಗೆ ಪ್ರತಿಯೊಬ್ಬರೂ ಒಬ್ಬ ರೋಗಿಯನ್ನು ಕರೆತರಬೇಕಿತ್ತು. ರೋಗಿಯಂತೆ ನಟಿಸಲು ಒಪ್ಪಿದ್ದ ಗೆಳತಿಗೆ ಬೆಳಿಗ್ಗೆ ನಿಜವಾಗಿಯೇ ಜ್ವರ ಬಂತು. ಅಪ್ಪ ಆಗಲೇ ಏಣಿ ಹೊತ್ತು ಕೆಲಸಕ್ಕೆ ಹೋಗಿದ್ದ. ಉಳಿದವನು ಮಾವ. ಅವಳೂ ಅಮ್ಮನೂ ಸೀಮೆಎಣ್ಣೆ ಹಾಕಿ ಅವನನ್ನು ಉಜ್ಜಿದರು. ಎದೆ, ತೋಳಿನ ಅಕ್ಷರಗಳು ಕೂದಲನ್ನೂ ಕಿತ್ತುಕೊಂಡು ಹೋದವು. ಕಾಲಿಗೆ ಬರುವಷ್ಟರಲ್ಲಿ ಹೊತ್ತಾಯಿತು. ಕಾಲನ್ನು ಪ್ಯಾಂಟು ಮುಚ್ಚುತ್ತದೆ ಬಿಡು ಎಂದ ಮಾವ.

ಎದೆ, ಭುಜ, ತೋಳು ಎಲ್ಲ ಸರಾಗವಾಗಿ ಮುಗಿದವು. ಆಮೇಲೆ ಪರೀಕ್ಷಕರು ಪ್ಯಾಂಟು ಮಡಚಲು ಹೇಳಿದರು. ಚಳಿಯಾಗುತ್ತಿದೆ ಎಂದ ಮಾವ. ಅವರು ಎದ್ದುಹೋಗಿ ಫ್ಯಾನ್ ನಿಲ್ಲಿಸಿ ಬಂದರು. ಬೇರೆ ದಾರಿಯಿಲ್ಲದೆ ಮಡಚಿದ.

"ಇದನ್ನ ಕಾಪಿ ಅಂತಾರೆ," ಎಂದು ಪರೀಕ್ಷಕರು ಪೆನ್ನಿಗೆ ಕ್ಯಾಪು ಹಾಕಿದರು.

ಅವಳು ಮುಂದೆ ಬಂದಳು. "ನೋಡಿ ಓದಿದ್ರೆ ತಾನೇ ಸರ್ ಕಾಪಿ. ಕೇಳಿ."

ಅವರು ಮೊಣಕಾಲಿನ ಕೆಳಗೆ, ಹೊರಬದಿಯ ತೆಳು ಮೂಳೆಯನ್ನು ಒತ್ತಿದರು.

"ಫಿಬುಲಾ."

"ಟಿಬಿಯಾ ಅಂತ ಬರೆದಿದೆಯಲ್ಲಮ್ಮ?"

"ಟಿಬಿಯಾ ಮುಂದಿರೋ ದಪ್ಪ ಮೂಳೆ, ಸರ್. ಬರೆದಿದ್ದು ನಮ್ಮಪ್ಪ, ಬೋರ್ಡು ಬರೆಯೋರು. ಫಿಬುಲಾದ ಕೊಂಬು ಎಳೆಯೋಕೆ ಮುಂದುಗಡೆನೇ ಚಂದ ಅಂತ ಎರಡನ್ನೂ ಅದಲುಬದಲು ಮಾಡಿಬಿಟ್ರು. ನಿನ್ನೆ ಇದಕ್ಕೇ ಮನೇಲಿ ರಂಪ."

"ನಾನೇ ಸಾಕ್ಷಿ," ಎಂದ ಮಾವ, ಮಲಗಿದ್ದಲ್ಲಿಂದಲೇ.

ಪರೀಕ್ಷಕರು ಕನ್ನಡಕ ಏರಿಸಿ, ಬಗ್ಗಿ, ಬಹಳ ಹೊತ್ತು ಮಾವನ ಕಾಲು ನೋಡಿದರು. "ಕೊಂಬು ಚೆನ್ನಾಗಿದೆ," ಎಂದು ಪೆನ್ನಿನ ಕ್ಯಾಪು ತೆಗೆದರು.

ಮಾವ ಒಂದು ಕಾಲಿನ ಪ್ಯಾಂಟು ಇಳಿಸುವುದನ್ನೂ ಮರೆತು ಕಾರಿಡಾರಿನ ತುದಿಯವರೆಗೆ ಸಾರುತ್ತ ಹೋದ, ನಮ್ಮ ಹುಡುಗಿ ಪಾಸು, ಪಾಸು ಎಂದು. ಆದ ನಷ್ಟ ಇಷ್ಟು: ಅರ್ಧ ಡಬ್ಬಿ ಎನಾಮಲ್, ಒಂದು ಬಾಟಲಿ ಸೀಮೆಎಣ್ಣೆ, ಮಾವನ ಎದೆಯ ಕೂದಲು ಅಷ್ಟೂ.