ಜಿಂಕೆಯ ತಲೆ ಯಾರ ಪಾಲು

ಬೇಟೆಗೆ ಇನ್ನೂ ಕಾನೂನಿನ ಕಾಟವಿಲ್ಲದ ಕಾಲ. ಆ ಮನೆಯಲ್ಲಿ ಒಂದೇ ಕಟ್ಟಳೆ: ಯಾರ ಗುಂಡು ಜಿಂಕೆಯ ಮೈಯಲ್ಲಿ ಸಿಗುತ್ತದೋ, ತಲೆ ಅವರ ಪಾಲು. ಅಣ್ಣನದು ದಪ್ಪ ಗುಂಡು, ತಮ್ಮನದು ಸಣ್ಣದು. ಎರಡೂ ಕೋವಿಗೆ ಮದ್ದುಗುಂಡು ತುಂಬುವುದು ತಮ್ಮನ ಕೆಲಸವಾದರೆ, ಚೂರಿ ಹಿಡಿದು ಸುಲಿಯುವುದು, ಗುಂಡು ಹುಡುಕಿ ತೀರ್ಪು ಕೊಡುವುದು ಅಣ್ಣನ ಹೆಂಡತಿ ಈರಮ್ಮನ ಕೆಲಸ.

ಹದಿನೈದು ವರ್ಷದಿಂದ ತಲೆ ಅಣ್ಣನಿಗೇ ಬರುತ್ತಿತ್ತು. ಗಂಡನ ಗುರಿ ಎಂಥದ್ದೆಂದು ಈರಮ್ಮನಿಗೆ ಗೊತ್ತಿಲ್ಲದ್ದೇನಲ್ಲ; ಆನೆ ಅಡ್ಡ ನಿಂತರೂ ತಪ್ಪುವಂಥದ್ದು. ಆದರೆ ತಲೆ ಸಿಗದಿದ್ದರೆ ಆ ಮನುಷ್ಯ ವಾರಗಟ್ಟಲೆ ಮುಖ ಊದಿಸಿಕೊಂಡು ಕೂರುತ್ತಿದ್ದ. ಅದಕ್ಕೇ ಅವಳ ಸೆರಗಿನ ತುದಿಯಲ್ಲಿ ಯಾವಾಗಲೂ ಒಂದು ದಪ್ಪ ಗುಂಡಿನ ಗಂಟಿರುತ್ತಿತ್ತು.

ಆ ದಿನವೂ ಇಬ್ಬರೂ ಒಟ್ಟಿಗೇ ಹೊಡೆದು, ಜಿಂಕೆಯನ್ನು ಹೊತ್ತು ತಂದು ಅಂಗಳದಲ್ಲಿ ಕೆಡವಿದರು.

"ಕಣ್ಣಾರೆ ಕಂಡಿವ್ನಿ ಕಣ್ಲಾ, ನನ್ನೇಟಿಗೇ ಬಿದ್ದಿದ್ದು," ಎಂದ ಅಣ್ಣ.

"ಅತ್ತಿಗೆ ಕುಯ್ದು ಹೇಳ್ಲಿ ಬಿಡಣ್ಣ," ಎಂದ ತಮ್ಮ. ಯಾವತ್ತೂ ಕೂಗಾಡುವವನು ಇಂದು ತಣ್ಣಗಿದ್ದ.

ಈರಮ್ಮ ಚೂರಿ ಆಡಿಸಿದಳು. ಕೈಗೆ ಸಿಕ್ಕ ಸಣ್ಣ ಗುಂಡನ್ನು ಕರುಳಿನ ರಾಶಿಯೊಳಗೆ ತುರುಕಿ, ಸೆರಗಿನದನ್ನು ರಕ್ತದಲ್ಲಿ ಹೊರಳಿಸಿ ಎತ್ತಿ ಹಿಡಿದಳು.

"ನೋಡ್ಕಳಪ್ಪ, ನಿಮ್ಮಣ್ಣಂದೇ. ಎದೇಲೇ ಕೂತಿತ್ತು."

ಅಣ್ಣ ಮೀಸೆ ತಿರುವಿದ. ತಮ್ಮ ಆ ಗುಂಡನ್ನು ಅಂಗೈಗೆ ಹಾಕಿಸಿಕೊಂಡು ನಿಧಾನವಾಗಿ ತಿರುಗಿಸಿ ನೋಡಿದ.

"ಭೇಷ್ ಅತ್ತಿಗೆ! ಬೆಳಿಗ್ಗೆ ಅಣ್ಣನ ಕೋವಿಗೆ ಮದ್ದಿನ ಮ್ಯಾಲೆ ನಾನು ತುಂಬಿದ್ದು ಬರೀ ಹುರುಳಿಕಾಳು."