ಮೊದಲನೇ ಬೆಂಚು

ಗಂಗುಲಮ್ಮನನ್ನು ಕಾರಿನಿಂದ ಇಳಿಸಿಕೊಳ್ಳಲು ಇಬ್ಬರು ಗಂಡಸರು ಪೈಪೋಟಿಗೆ ಬಿದ್ದರು. ಬಲಗೈ ಸುನೀಲನಿಗೆ ಸಿಕ್ಕಿತು, ಎಡಗೈ ಭಾನುಪ್ರಕಾಶನಿಗೆ. ಅಜ್ಜಿ ಎರಡನ್ನೂ ಕೊಡವಿಕೊಂಡು, ಕೋಲೂರುತ್ತಾ ತಾನೇ ಚರ್ಚಿನ ಮೆಟ್ಟಿಲು ಹತ್ತಿದಳು.

ಬಾಗಿಲ ಪಕ್ಕದಲ್ಲಿ ಕರಿಕಲ್ಲಿನ ಫಲಕ ಒರಗಿಸಿತ್ತು. ‘ಈ ಸಭೆಯ ಮೊದಲ ವಿಶ್ವಾಸಿ’ ಎಂದು ಕೆತ್ತಿಯಾಗಿತ್ತು. ಕೆಳಗಿನ ಸಾಲು ಖಾಲಿ. ಕೆತ್ತುವವನು ಜಗಲಿಯ ಮೇಲೆ ಕೂತು ಟೀ ಕುಡಿಯುತ್ತಿದ್ದ.

ಶಿಡ್ಲಘಟ್ಟದಿಂದ ಸಾದಲಿಗೆ ಹೋಗುವ ರಸ್ತೆಯ ಆ ಪುಟ್ಟ ಕ್ರೈಸ್ತ ಸಭೆಗೆ ಅಂದು ಎಂಬತ್ತು ವರ್ಷ ತುಂಬಿತ್ತು. ಆ ಖಾಲಿ ಸಾಲನ್ನು ನೋಡಿದಾಗಲೆಲ್ಲ ಕಾರ್ಯದರ್ಶಿ ಸುನೀಲನಿಗೆ ತನ್ನ ತಾತ ಬಯ್ಯಪ್ಪನ ಹೆಸರು ಕಾಣುತ್ತಿತ್ತು. ಖಜಾಂಚಿ ಭಾನುಪ್ರಕಾಶನಿಗೆ ತನ್ನ ತಾತ ಮುನಿಶಾಮಪ್ಪನದು. ಈ ಜಗಳದಲ್ಲಿ ಕ್ರಿಸ್‌ಮಸ್ ಹಾಡಿನ ತಂಡ ಎರಡು ಹೋಳಾಗಿ, ಒಂದೇ ಬೀದಿಯಲ್ಲಿ ಎದುರುಬದುರು ನಿಂತು ಶಾಂತಿಯ ಹಾಡು ಕಿರುಚಿದ್ದೂ ಆಗಿತ್ತು. ಕೊನೆಗೆ ಪಾಸ್ಟರ್ ರೇಗಿ ತೀರ್ಮಾನ ಕೊಟ್ಟರು. ಆ ಕಾಲವನ್ನು ಕಂಡವರಲ್ಲಿ ಉಳಿದಿರುವುದು ಪಟೇಲ್ ನರಸಿಂಹಪ್ಪನ ಮೊಮ್ಮಗಳು ಗಂಗುಲಮ್ಮ ಒಬ್ಬಳೇ. ಅವಳು ಹೇಳಿದ ಹೆಸರೇ ಕಲ್ಲಿಗೆ.

ಹಣೆ ತುಂಬ ಕುಂಕುಮ ಇಡುವ ಅಜ್ಜಿ ಯಾರ ಪಕ್ಷವನ್ನೂ ವಹಿಸಲಾರಳು ಎಂದು ಇಬ್ಬರೂ ಒಪ್ಪಿದರು. ಮಾರನೇ ದಿನದಿಂದಲೇ ಇಬ್ಬರ ಮನೆಯಿಂದಲೂ ಅವಳಿಗೆ ಎಲೆ ಅಡಿಕೆ ಹೋಗತೊಡಗಿತು, ಅದು ಬೇರೆ ಮಾತು.

ಸುನೀಲನಿಗೆ ಗೆಲುವಿನ ಬಗ್ಗೆ ಅನುಮಾನವೇ ಇರಲಿಲ್ಲ. ಆ ಚರ್ಚಿನಲ್ಲಿ ಮನೆತನಕ್ಕೊಂದು ಬೆಂಚು. ತಾತ ಕೂತ ಕಡೆಯೇ ಮೊಮ್ಮಕ್ಕಳೂ ಕೂರಬೇಕು. ಮೊದಲನೇ ಬೆಂಚು ಅವನದು. ಎರಡನೆಯದು ಭಾನುಪ್ರಕಾಶನದು. “ಬಯ್ಯಪ್ಪ ಎಲ್ಲಿ ಕೂತರೂ ನಮ್ಮ ತಾತ ಬೆನ್ನ ಹಿಂದೆನೇ ಕೂರೋರು. ಮೊದಲು ಬಂದೋರೇ ಹಿಂದೆ ಕೂತರು, ಅದು ದೀನತೆ,” ಎಂದು ಭಾನುಪ್ರಕಾಶ್ ವಾದ ಹೂಡುತ್ತಿದ್ದ. ಸುನೀಲ್ ನಕ್ಕುಬಿಡುತ್ತಿದ್ದ.

ಸಾಲದ್ದಕ್ಕೆ ಸುನೀಲನ ಮನೆಯಲ್ಲಿ ತಾತನಿಂದ ಬಂದ ಒಂದು ಪದ್ಧತಿ ಇತ್ತು. ಭಾನುವಾರ ಸಂಜೆ, ಬೆಳಿಗ್ಗೆ ಚರ್ಚಿಗೆ ಬಂದವರನ್ನೆಲ್ಲ ಹೆಸರು ಹಿಡಿದು ಪ್ರಾರ್ಥನೆಯಲ್ಲಿ ದೇವರಿಗೆ ಒಪ್ಪಿಸುವುದು. ತಡವಾಗಿ ಬಂದವರು, ಪಾಸ್ಟರ ಪ್ರಸಂಗದಲ್ಲಿ ತೂಕಡಿಸಿದವರು, ಯಾರನ್ನೂ ಸುನೀಲ್ ಮರೆಯುತ್ತಿರಲಿಲ್ಲ. ಅದು ರಕ್ತದಲ್ಲೇ ಬಂದದ್ದು ಎಂದು ಅವನಿಗೆ ಹೆಮ್ಮೆ.

ಅಂದಿನ ಪ್ರಸಂಗ ಶಿಷ್ಯರ ಕಾಲು ತೊಳೆದ ಯೇಸುವಿನ ಬಗ್ಗೆ. ತಗ್ಗಿ ನಡೆಯಬೇಕು ಎಂದು ಪಾಸ್ಟರ್ ಹೇಳಿದಾಗ ಸುನೀಲ್ ಎಲ್ಲರಿಗಿಂತ ಜೋರಾಗಿ ಆಮೆನ್ ಎಂದ.

ಆಮೇಲೆ ಮೈಕು ಗಂಗುಲಮ್ಮನ ಕೈಗೆ ಬಂತು.

“ಬಯ್ಯಪ್ಪ ಗೊತ್ತಿಲ್ದೆ ಏನಪ್ಪ,” ಎಂದು ಅವಳು ಶುರು ಮಾಡಿದಳು. “ಆಗ ಈ ಕಟ್ಟಡ ಎಲ್ಲಿತ್ತು? ಹೊಂಗೆ ಮರದ ಕೆಳಗೆ ಪ್ರಾರ್ಥನೆ. ಚಿಕ್ಕಬಳ್ಳಾಪುರದಿಂದ ಉಪದೇಶಿ ಸೈಕಲ್‌ನಾಗೆ ಬರೋರು. ಅವರಿಗಿಂತ ಮುಂಚೆ ಬಯ್ಯಪ್ಪ ಬಂದು ನಿಂತಿರೋನು. ಎಲ್ಲರೂ ಹೋದ ಮೇಲೆ ಹೋಗೋನು.”

“ಸ್ತೋತ್ರ,” ಎಂದಿತು ಸಭೆ.

“ಕೂತ್ಕೋ ಅಂದ್ರೂ ಕೂರ್ತಿರಲಿಲ್ಲ. ಬಂದೋರ ಮುಖ ಒಂದೊಂದೇ ನೋಡೋನು.”

“ಆತ್ಮಗಳ ಮೇಲಿನ ಭಾರ,” ಎಂದು ಸುನೀಲ್ ಹಿಂದಿನ ಬೆಂಚಿಗೆ ಕೇಳುವಂತೆ ವಿವರಿಸಿದ.

“ಸಂಜೆ ನಮ್ಮ ಮನೆಗೆ ಬರೋನು. ಜಗಲಿ ಹತ್ತಿರ ನಿಂತು ಎಲ್ಲರ ಹೆಸರೂ ಹೇಳೋನು. ನಮ್ಮ ತಾತ ಕಣ್ಣು ಮುಚ್ಕೊಂಡು ಕೇಳೋರು.”

ಪಟೇಲರ ಮನೆಯಲ್ಲೂ ಪ್ರಾರ್ಥನೆ ನಡೆಸಿದ್ದನೇ ತಾತ? ಸುನೀಲ್ ಕರ್ಚೀಫು ತೆಗೆದು ಕಣ್ಣೊರೆಸಿಕೊಂಡ. ಇಷ್ಟು ದೊಡ್ಡ ಮನುಷ್ಯನ ಮೊಮ್ಮಗ ತಾನು ಎಂದು ಎದೆ ತುಂಬಿ ಬಂತು.

“ಹೇಳಿ ಮುಗಿಸಿದ ಮೇಲೆ ತಾತ ಒಂದು ಸೇರು ರಾಗಿ ಅಳೆದು ಕೊಡೋರು,” ಎಂದಳು ಗಂಗುಲಮ್ಮ.

“ರಾಗಿ ಯಾಕಮ್ಮ?” ಎಂದರು ಪಾಸ್ಟರ್.

“ಕೆಲಸ ಮಾಡಿದ್ದಕ್ಕೆ ಕೊಡಬೇಡ್ವಾ? ಊರೋರು ಯಾರ್ಯಾರು ಕಿರಸ್ತಾನರ ಮಾತು ಕೇಳೋಕೆ ಹೋಗ್ತಾರೆ, ನೋಡ್ಕೊಂಡು ಬಂದು ಹೇಳು ಅಂತ ಕಳಿಸ್ತಿದ್ದಿದ್ದೇ ನಮ್ಮ ತಾತ.”

ಬಾಯಿಗೆ ಬಂದಿದ್ದ ಸ್ತೋತ್ರವನ್ನು ಸಭೆ ಹಾಗೇ ನುಂಗಿಕೊಂಡಿತು. ಭಾನುಪ್ರಕಾಶ್ ಹಾಡಿನ ಪುಸ್ತಕದೊಳಗೆ ಮುಖ ಹುದುಗಿಸಿದ. ಅವನ ಭುಜಗಳು ಕುಣಿಯುತ್ತಿದ್ದವು. ಸಾವರಿಸಿಕೊಂಡು ಎದ್ದು ನಿಂತ.

“ಹಂಗಾದ್ರೆ ಅಜ್ಜೀ, ನಮ್ಮ ತಾತ ಮುನಿಶಾಮಪ್ಪ?”

“ಅದೇ ಹೇಳ್ತಾ ಇದೀನಿ, ಇರಪ್ಪ. ಬರ್ತಾ ಬರ್ತಾ ಬಯ್ಯಪ್ಪ ಹೆಸರು ಹೇಳೋದು ಬಿಟ್ಟ. ಕೇಳಿ ಕೇಳಿ ಅಲ್ಲೇ ಕೂತು ಹಾಡೋಕೆ ಹತ್ತಿದ. ಇವನೇನು ಮಾಡ್ತಾನೆ, ಬೆನ್ನ ಹಿಂದೆನೇ ಕೂತು ನೋಡು ಅಂತ ತಾತ ಕಳಿಸಿದ್ದು ನಿಮ್ಮ ಮುನಿಶಾಮಪ್ಪನ್ನ. ಸ್ವಲ್ಪ ದಿನಕ್ಕೆ ಅವನೂ ರಾಗಿಗೆ ಬರೋದು ನಿಲ್ಲಿಸಿದ.”

ಭಾನುಪ್ರಕಾಶ್ ಕೂತ. ಸುನೀಲನಿಗೆ ತಲೆ ಎತ್ತಲಾಗಲಿಲ್ಲ. ಹೋದ ಭಾನುವಾರ ಸಂಜೆ, ಭಾನುಪ್ರಕಾಶ್ ಎರಡನೇ ಹಾಡಿಗೆ ಒಳಗೆ ಬಂದದ್ದರ ವರದಿಯನ್ನು ದೇವರಿಗೆ ಒಪ್ಪಿಸಿದ್ದು ನೆನಪಾಗಿ ನಾಚಿಕೆಯಾಯಿತು. ರಾಗಿಯೊಂದು ಸಿಕ್ಕಿರಲಿಲ್ಲ, ಅಷ್ಟೇ.

ಹೊರಗಿನಿಂದ ಕೆತ್ತುವವನು ಇಣುಕಿ, “ಹೆಸರು ಏನಂತ ಹಾಕ್ಲಿ?” ಎಂದ.

ಸುನೀಲ್ ಎದ್ದ. ಬದುಕಿನಲ್ಲಿ ಮೊದಲ ಸಲ ನಿಜವಾಗಿಯೂ ತಗ್ಗಿದ ದನಿಯಲ್ಲಿ ಮಾತಾಡಿದ. “ನಮಗಿಬ್ಬರಿಗೂ ಆ ಯೋಗ್ಯತೆ ಇಲ್ಲ. ಮೂರನೇ ಬೆಂಚಿನ ರೂಪ ಅವರ ತಾತನ ಹೆಸರು ಕೆತ್ತಿಸಿ. ಅವರೇ ಮೊದಲ ವಿಶ್ವಾಸಿ.”

ಚಪ್ಪಾಳೆ ಬಿತ್ತು. ರೂಪ ಕಣ್ಣು ತುಂಬಿಕೊಂಡು ತಲೆಯ ಮೇಲಿನ ಸೆರಗು ಸರಿಮಾಡಿಕೊಂಡಳು. ಇಷ್ಟು ತಗ್ಗಿದವನು ಈ ಸಭೆಯಲ್ಲಿ ತಾನೇ ಮೊದಲಿಗನಿರಬೇಕು ಎಂದು ಸುನೀಲನಿಗೆ ಅಷ್ಟರಲ್ಲೇ ಅನಿಸತೊಡಗಿತ್ತು.

ಗಂಗುಲಮ್ಮ ಮಾತ್ರ ಮೈಕು ಬಿಡದೆ, ಮೂರನೇ ಬೆಂಚಿನಿಂದ ಬಾಗಿಲವರೆಗೂ ಕಣ್ಣು ಹಾಯಿಸಿದಳು.

“ಕೆತ್ಸಪ್ಪ, ನಂದೇನು. ಆದ್ರೆ ಮುನಿಶಾಮಪ್ಪನ್ನ ನೋಡ್ಕೊಂಡು ಬಾ ಅಂತ ಕಳಿಸಿದ್ದು ಆಕೆ ತಾತನ್ನೇ. ಆ ಕೊನೇ ಬೆಂಚಿನ ತನಕ, ಒಬ್ಬರ ಹಿಂದೆ ಒಬ್ಬರನ್ನ, ಎಲ್ಲರನ್ನೂ ಇಲ್ಲಿಗೆ ಕಳಿಸಿದ್ದು ನಮ್ಮ ತಾತಾನೇ.”