ಬಾಗಿಲಿನ ಒಳಮೈ

ಆ ಹಳೇ ಮನೆಯನ್ನು ವಸ್ತುಸಂಗ್ರಹಾಲಯ ಮಾಡುವ ಯೋಜನೆ ಅವಳದು. ಕಟ್ಟಿದವರು ಬಿಟ್ಟುಹೋದದ್ದು ಉಳಿಯಬೇಕು, ಆಮೇಲಿನವರು ಬಳಿದದ್ದು, ಗೀಚಿದ್ದು ಹೋಗಬೇಕು. ಈ ಮಾತಿನಲ್ಲಿ ಅವಳು ಯಾರಿಗೂ ಜಗ್ಗಿದವಳಲ್ಲ. ಎಲ್ಲ ಮುಗಿದು ಉಗ್ರಾಣವೊಂದು ಉಳಿದಿತ್ತು. ಕಿಟಕಿಯಿಲ್ಲದ ಆ ಕೋಣೆಯ ಬೀಗವನ್ನು ಮನೆಯ ಯಜಮಾನನೇ ತೆಗೆದುಕೊಟ್ಟ. ಅವಳು ಒಳಗೆ ಹೋಗಿ, ಬಾಗಿಲನ್ನು ಅರ್ಧ ಮುಚ್ಚಿ ಟಾರ್ಚ್ ಹಾಕಿದರೆ, ಅದರ ಒಳಮೈ ಮೇಲೆ ಸೀಮೆಸುಣ್ಣದಲ್ಲಿ ಬರೆದಿತ್ತು: ‘ನಾಳೆ ಬಾ’.

“ದೆವ್ವ ಓದ್ಕೊಂಡು ವಾಪಸ್ ಹೋಗ್ಲಿ ಅಂತ ಬರೆಯೋದಲ್ವಾ ಇದು?”

“ಹೂಂ ಮೇಡಂ. ಊರಲ್ಲೆಲ್ಲ ಬೀದಿ ಬಾಗಿಲ ಹೊರಗಡೆ ಬರೀತಾರೆ. ನಮ್ಮಜ್ಜಿ ನೋಡಿ, ಉಗ್ರಾಣದ ಒಳಗಡೆ ಬರೆದವ್ರೆ! ಅಷ್ಟೂ ತಿಳೀಬಾರ್ದಾ?” ಹೊಸ್ತಿಲಾಚೆ ನಿಂತೇ ಅವನು ನಕ್ಕ. “ಸಾಯೋವರ್ಗೂ ಪ್ರತಿ ಅಮಾವಾಸ್ಯೆ ತಿದ್ದೋರು.”

“ಇಷ್ಟು ಒಳ್ಳೇ ತೇಗದ ಬಾಗಿಲು!” ಎಂದು ಗೊಣಗುತ್ತಾ ಅವಳು ಒದ್ದೆ ಬಟ್ಟೆಯಿಂದ ಒರೆಸಿದಳು. ಅಕ್ಷರಗಳು ಒಂದೂ ಉಳಿಯದೆ ಅಳಿಸಿಹೋದವು.

ಬೆನ್ನ ಹಿಂದಿನ ಕತ್ತಲ ಮೂಲೆಯಿಂದ ಯಾರೋ ಮೆಲ್ಲಗೆ ಕೇಳಿದರು:

“ನಾಳೆ ಬಂತಾ?”